ಹಾಲವ್ವನ ಮಡುವಿನ ನೀರು

"ಬಾಯಿ ತೆಗಿಯಲೇ, ಬೋಳಿಮಗನ."

ಪರಸಪ್ಪ ಬಾಯಿ ತೆಗೆದ. ಫೌಜದಾರ ಬಗ್ಗಿ ಮೂಸಿದ. ಕೂಡಲೇ ಮುಖ ಹಿಂದಕ್ಕೆಳೆದುಕೊಂಡು ಕೈಯಲ್ಲಿದ್ದ ಟೊಪ್ಪಿಗೆಯಿಂದ ಗಾಳಿ ಬೀಸಿಕೊಂಡ.

"ಥೂ! ಸೆರೆ ಕುಡದಾನ್ರಿ ಸಾವಕಾರ್ರ. ಹುಳಿ ನಾತ ಹೊಡ್ಯಾಕತ್ತೈತಿ."

"ಸೆರೆ ಅಲ್ರಿ ಸಾಹೇಬ್ರ." ಪರಸಪ್ಪನ ನಾಲಗೆ ದಪ್ಪಗಾಗಿತ್ತು, ಮಾತು ಹಲ್ಲಿಗೆ ತಾಗಿ ಬರುತ್ತಿತ್ತು. "ನಿನ್ನಿ ಹೊಳಿನೀರ ಕುಡದೇನ್ರಿ."

"ಹೊಳಿನೀರ ಕುಡದರ ಬಾಯಿ ನಾರತೈತೇನಲೇ?"

"ಈಗ ನಾರತೈತ್ರಿ."

ಹಿಂದೆ ನಿಂತಿದ್ದ ಅಂಬಿಗರಲ್ಲಿ ಯಾರೋ ನಕ್ಕರು. ಬೆತ್ತ ಪರಸಪ್ಪನ ಮೊಣಕಾಲಿಗೆ ಬಿತ್ತು. ಅವನು ಕೂತ. ಕೂತವನ ಕಣ್ಣಿನ ಮಟ್ಟಕ್ಕೆ ಮಡು ಬಂತು. ಸತ್ತ ಮೀನುಗಳು ತೊಳೆದು ಬೋರಲು ಹಾಕಿದ ತಾಟುಗಳ ಹಾಗೆ ಬೆಳ್ಳಗೆ ಒಂದಕ್ಕೊಂದು ತಾಗಿಕೊಂಡು ದಂಡೆಯವರೆಗೂ ಹಬ್ಬಿದ್ದವು. ಕಾಗೆಗಳು ಜಾಲಿಗಿಡದ ಮೇಲೆ ಕೂತಿದ್ದವು. ಒಂದೂ ಕೆಳಗಿಳಿದಿರಲಿಲ್ಲ.

ನೀಲಕಂಠ ಸಾವಕಾರ ಮೂಗಿಗೆ ದಸ್ತಿ ಹಿಡಿದಿದ್ದ. ಹೊಳೆಯ ಎರಡೂ ದಂಡೆಯ ಕಬ್ಬು ಅವನದು. ಆ ಕಬ್ಬು ಅರೆಯುವ ಕಾರ್ಖಾನೆಯ ಆಡಳಿತ ಮಂಡಳಿಯಲ್ಲೂ ಅವನ ಕುರ್ಚಿಯಿತ್ತು. ದಸ್ತಿಯೊಳಗಿಂದಲೇ ಹೇಳಿದ: "ಬ್ಲೀಚಿಂಗ್ ಪೌಡರ್ ಹಾಕಿ ಮೀನ ಹಿಡೀತಾರಂತ ನಾ ಮದಲಿಂದ ಹೇಳಕೋತ ಬಂದೇನ್ರಿ ಫೌಜದಾರ್ರ. ಯಾರೂ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ. ಈಗ ನೋಡ್ರಿ."

"ಯಾವ ಸೂಳಿಮಗ ಹಾಕಿದ್ನರಿ ಬ್ಲೀಚಿಂಗ?"

ಪರಸಪ್ಪನ ಮಗ ದುರಗೇಶ ಗುಂಪಿನಿಂದ ಮುಂದೆ ಬಂದಿದ್ದ. ಸೊಂಟದವರೆಗೆ ಒದ್ದೆಯಾಗಿದ್ದ. "ನಿಮ್ಮ ಕಾರ್ಖಾನಿ ಹೊಲಸ ಹೊಳಿಗೆ ಬಿಟ್ಟೀರಿ. ಬಾಂದಾರದ ಮ್ಯಾಲ ಹೋಗಿ ನೋಡ್ರಿ, ಕಲ್ಲ ಸೈತ ಕರ್ರಗ ಆಗ್ಯಾವ."

ಸಾವಕಾರ ದಸ್ತಿ ತೆಗೆದ. ಸಿಟ್ಟಾಗಲಿಲ್ಲ. "ಅಂಬಿಗರಾಗ ವಕೀಲ ಹುಟ್ಯಾನಲೋ," ಎಂದ. ಆಮೇಲೆ ಫೌಜದಾರನ ಕಡೆ ನೋಡಿದ, ಅಷ್ಟೇ.

ದುರಗೇಶನನ್ನು ಜೀಪಿಗೆ ಹತ್ತಿಸುವಾಗ ಅವನ ತಾಯಿ ತಾಯವ್ವ ಹೆಡಿಗೆಯನ್ನು ತಲೆಯ ಮೇಲೆ ಹೊತ್ತೇ ಓಡಿಬಂದಳು. ಮುಧೋಳದ ಓಣಿಗಳಲ್ಲಿ ಮೀನು ಮಾರುವ ಹೆಡಿಗೆ. ಅದನ್ನು ಇಳಿಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಒಂದು ಕೈಯಲ್ಲಿ ಹೆಡಿಗೆ ಹಿಡಿದು ಇನ್ನೊಂದು ಕೈಯಲ್ಲಿ ಜೀಪಿನ ಸರಳು ಹಿಡಿದಳು. ಜೀಪು ಹೊರಟಿತು. ಕೈ ಬಿಟ್ಟಿತು. ಹೆಡಿಗೆ ಉಳಿಯಿತು.

*

ಘಟಪ್ರಭೆ ಬೇಸಿಗೆಯಲ್ಲಿ ಹೊಳೆಯಲ್ಲ, ಕಲ್ಲು. ನೀರು ಹರಿಯುವುದು ನಿಂತು, ಅಲ್ಲಲ್ಲಿ ತುಂಡಾಗಿ, ತುಂಡುಗಳೂ ಒಣಗಿ, ಕೊನೆಗೆ ಬಾಂದಾರದ ಕೆಳಗೆ ಹಾಲವ್ವನ ಮಡು ಒಂದೇ ಉಳಿಯುತ್ತದೆ. ಹೊಳೆಯ ಮೀನೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಬಸಿರ ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ ಎನ್ನುತ್ತಾರೆ ಅಂಬಿಗರು. ತವರಿಗೆ ಬಂದವರ ಮೇಲೆ ಬಲೆ ಬೀಸುವುದಿಲ್ಲ. ಹೊಳೆ ತುಂಡಾದ ದಿನದಿಂದ ಮಡುವಿಗೆ ಬಲೆ ಮುಟ್ಟಿಸುವಂತಿಲ್ಲ. ಒಲೆ ಹೊತ್ತದಿದ್ದರೂ ಇಲ್ಲ. ಮಳೆಗಾಲದ ಮೊದಲ ಕೆಂಪು ನೀರು ಬರಬೇಕು. ಬಂದ ನೀರನ್ನು ಪರಸಪ್ಪನ ಮನೆತನದವನೊಬ್ಬ ಬೊಗಸೆಯಲ್ಲಿ ಎತ್ತಿ ಕುಡಿದು, "ಗಂಗವ್ವ ಬಂದಾಳ" ಎನ್ನಬೇಕು. ಹೊಸ ನೀರು ಸಿಹಿ ಇರುತ್ತದೆ. ನಿಂತ ನೀರಿಗೆ ಆ ಸಿಹಿ ಇಲ್ಲ. ಆ ಮಾತು ಬಿದ್ದ ಮೇಲೆ ಊರ ಬಲೆಗಳು ಇಳಿಯುತ್ತವೆ.

ಅವನ ಅಪ್ಪ ಹೇಳಿದ್ದ, ಅಪ್ಪನ ಅಪ್ಪ ಹೇಳಿದ್ದ. ಯಾರೂ ತಪ್ಪಿರಲಿಲ್ಲ.

ಹಾಗೆ ನೋಡಿದರೆ ಮಡುವಿನ ಸಂಸಾರ ಮೊದಲೇ ಸಣ್ಣದಾಗಿತ್ತು. ಹೊಳೆಗೆ ಅಡ್ಡ ಬಾಂದಾರ ಕಟ್ಟಿದ ಮೇಲೆ, ಮೊಟ್ಟೆಯಿಡಲು ನೀರೇರಿ ಹೋಗುತ್ತಿದ್ದ ಮೀನು ಗೋಡೆಗೆ ಮೂತಿ ಬಡಿದುಕೊಂಡು ಹಿಂದಿರುಗತೊಡಗಿತು. ಕೆಳಗಡೆ ಆಲಮಟ್ಟಿಯ ಹಿನ್ನೀರು ಬಂದು ನಿಂತ ವರ್ಷ ಬಲೆಗೆ ಜಿಲೇಬಿ ಬಿತ್ತು. ಬೆನ್ನ ಮೇಲೆ ಮುಳ್ಳಿನ ಬಾಚಣಿಕೆ ಹೊತ್ತ ಪರದೇಶಿ ಮೀನು. ಮಳೆಗಾಲದ ತುಂಬು ನೀರಿನಲ್ಲಿ ಅದು ಮೇಲಕ್ಕೂ ಬಂತು, ಸಿಕ್ಕಿದ್ದೆಲ್ಲ ತಿಂದಿತು. ತಾಯವ್ವ ಮದುವೆಯಾಗಿ ಬಂದ ಹೊಸದರಲ್ಲಿ ಮುಧೋಳದ ಓಣಿಯಲ್ಲಿ ಮೀನಿನ ಹೆಸರು ಹಿಡಿದು ಕೂಗುತ್ತಿದ್ದಳು: ಬಾಳಿಮೀನಾ, ಗಿರಲಾ, ಹಾವಮೀನಾ, ಚೇಳಮೀನಾ. ಒಂದೊಂದು ಹೆಸರಿಗೆ ಒಂದೊಂದು ಬಾಗಿಲು ತೆರೆಯುತ್ತಿತ್ತು. ಬಾಣಂತಿ ಇದ್ದ ಮನೆಯವರು ಒಂದಕ್ಕೆ, ಕುಡುಕ ಗಂಡನಿದ್ದ ಮನೆಯವರು ಇನ್ನೊಂದಕ್ಕೆ. ವರ್ಷ ಹೋದಂತೆ ಕೂಗಿನಿಂದ ಹೆಸರುಗಳು ಉದುರಿದವು. ಈಗ ಅವಳು "ಮೀನಾ" ಎಂದಷ್ಟೇ ಕೂಗುತ್ತಿದ್ದಳು.

ಉಳಿದದ್ದು ಮಡುವಿನ ತಳದಲ್ಲಿತ್ತು.

ಪರಸಪ್ಪ ನೀರು ಕುಡಿದ ದಿನ ಮಿರಗದ ಮಳೆ ಇನ್ನೂ ಕೂಡಿರಲಿಲ್ಲ. ಆದರೆ ಹಿಂದಿನ ಸಂಜೆ ಗೋಕಾಕದ ದಿಕ್ಕಿಗೆ ಮೋಡ ಕಟ್ಟಿ ಗುಡುಗಿತ್ತು. ಬೆಳಗಾಗುವಷ್ಟರಲ್ಲಿ ಬಾಂದಾರದ ಕಿಂಡಿಯಿಂದ ಕೆಂಪು ನೀರು ನೊರೆ ಕಟ್ಟಿಕೊಂಡು ಇಳಿಯುತ್ತಿತ್ತು. ಅಂಬಿಗರ ಓಣಿಯೆಲ್ಲ ದಂಡೆಗೆ ಬಂತು. ಪರಸಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ಮುಗಿಲು ನೋಡಿದ, ನೊರೆ ನೋಡಿದ.

"ಏನ ಕಾಕಾ, ಗಂಗವ್ವಗ ಹೆಸರ ಕೇಳಾಕತ್ತೀಯೇನ?" ಹೊಳಬಸಪ್ಪ ದಂಡೆಯಿಂದ ಕೂಗಿದ. ಪರಸಪ್ಪನ ಜೊತೆ ಬಲೆ ಎಳೆಯುವವನು, ಸಾವಿನ ಮನೆಯಲ್ಲೂ ನಗಿಸುವ ಬಾಯಿ ಅವನದು. "ಲಗೂನ ಕುಡಿ. ಹೊಟ್ಟಿ ಬೆನ್ನಿಗೆ ಹತ್ತೇತಿ."

ಪರಸಪ್ಪ ಬೊಗಸೆ ತುಂಬಿ ಕುಡಿದ. ಸಿಹಿ ಇತ್ತು.

"ಗಂಗವ್ವ ಬಂದಾಳ," ಎಂದ.

ಕೇಕೆ ಎದ್ದಿತು. ಬಲೆಗಳು ಇಳಿದವು. ಬಲೆ ಎಳೆಯುವ ಮೊದಲೇ ಮೀನು ತಾನಾಗಿ ಮೇಲೆ ಬಂತು. ಬಾಯಿ ತೆರೆದುಕೊಂಡು, ನೀರಿನ ಮೇಲೆ ತುಟಿಗಳನ್ನು ಇಟ್ಟುಕೊಂಡು, ಕೈಗೇ ಬಂತು. ಹೆಂಗಸರು ಮಡುವಿನ ದೇವತೆ ಹಾಲವ್ವನ ಹೆಸರು ಹೇಳಿ ಕೈಮುಗಿದರು. ಇಂಥ ವರ್ಷ ಅವರು ಕಂಡಿರಲಿಲ್ಲ. ಮೊದಲ ಮೀನಿಗೆ ಅರಿಶಿನ ಹಚ್ಚಿ ಹೊಳೆಗೆ ಬಿಡುವುದು ಪದ್ಧತಿ. ಪರಸಪ್ಪ ತೋಳಿನಷ್ಟುದ್ದದ ಬಾಳೆಮೀನು ಎತ್ತಿದ. ಹೊಟ್ಟೆ ಬಿಗಿದಿತ್ತು, ಒಳಗೆ ತತ್ತಿ. ಹಣೆಗೆ ಅರಿಶಿನ ಹಚ್ಚಿ ನೀರಿಗೆ ಬಿಟ್ಟ.

ಮೀನು ಹೋಗಲಿಲ್ಲ. ಅವನ ಕಾಲಿನ ಹತ್ತಿರವೇ ಒಂದು ಸುತ್ತು ತಿರುಗಿ, ಮಗ್ಗುಲಾಗಿ, ಆಮೇಲೆ ಹೊಟ್ಟೆ ಮೇಲೆ ಮಾಡಿತು.

"ಬಲಿ ಎತ್ತರಿ!" ಎಂದು ಪರಸಪ್ಪ ಕಿರುಚಿದ. "ಎತ್ತರಲೇ! ಗಂಗವ್ವ ಅಲ್ಲ ಇದು! ಎತ್ತರಿ!"

ಕೇಕೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

*

ಸಾವಕಾರನ ಅಂಗಳದಲ್ಲಿ ಬೇಟೆನಾಯಿಗಳಿಗೆ ತತ್ತಿ ಒಡೆದು ಹಾಕುತ್ತಿದ್ದರು. ಪರಸಪ್ಪನೂ ತಾಯವ್ವನೂ ಕಟ್ಟೆಯ ಕೆಳಗೆ ನಿಂತಿದ್ದರು. ಒಂದು ನಾಯಿ ತೆಳ್ಳನೆಯ ಮೂತಿ ಚಾಚಿ ಪರಸಪ್ಪನ ಬಾಯಿ ಮೂಸಿ, ಹಿಂದೆ ಸರಿಯಿತು.

"ನೋಡಲೇ, ನಾಯೀಗೂ ತಿಳೀತು," ಎಂದ ಸಾವಕಾರ ನಗುತ್ತ. ಪಕ್ಕದ ಕುರ್ಚಿಯಲ್ಲಿ ಮೀನುಗಾರಿಕೆ ಇಲಾಖೆಯ ಸಾಹೇಬ ಕೂತಿದ್ದ, ಮೈಸೂರ ಕಡೆಯವನು. ಅವನ ಮುಂದೆ ಅವಲಕ್ಕಿಯ ತಾಟಿತ್ತು.

"ಪರಸ್ಯಾ, ಮನಷ್ಯಾ ಅಂದಮ್ಯಾಲ ತಪ್ಪತಾನ. ನೀ ತಪ್ಪಿದಿ. ನಿನ್ನ ಬಾಯಿಂದ ತಪ್ಪ ಮಾತ ಬಂತು, ನಿನ್ನ ಬಾಯಿಂದನ ಸರಿ ಮಾಡ."

"ಹೆಂಗ್ರಿ?"

"ಮಿರಗ ಕೂಡಿ ಹೊಸ ನೀರ ಬಂದ ಕೂಡಲೇ ಮಡುವಿಗೆ ಮೀನಮರಿ ಬಿಡತೇವಿ. ದೊಡ್ಡಮಂದಿ ಬರತಾರ, ಪೇಪರನವರು ಬರತಾರ. ನೀ ಎಂದಿನಂಗ ಒಂದ ಬೊಗಸಿ ಕುಡಿ. ಗಂಗವ್ವ ಬಂದಾಳ ಅನ್ನ. ಅವರ ಫೋಟೋ ಹೊಡಕೋತಾರ. ಕಾರ್ಖಾನಿ ನೀರ, ಹಾಳ ನೀರ ಅಂತ ಊರಾಗ ಎದ್ದ ಮಾತ ಅಲ್ಲಿಗೆ ಮುಗೀತು. ಅವತ್ತ ಸಂಜೀಕ ನಿನ್ನ ಮಗ ನಿನ್ನ ಮನ್ಯಾಗ ಊಟಕ್ಕ ಕೂತಿರತಾನ."

ತಾಯವ್ವ ತಲೆಯೆತ್ತಿದಳು.

"ಯಾವ ಮರಿ ಬಿಡತೀರಿ?" ಎಂದ ಪರಸಪ್ಪ.

ಸಾಹೇಬ ಅವಲಕ್ಕಿ ನುಂಗಿ ಉತ್ತರಿಸಿದ. "ಕಾಟ್ಲಾ, ರೋಹು. ಬೇಗ ತೂಕ ಬರುತ್ತೆ. ಜಿಲೇಬಿ ಹೇಗೂ ತಾನಾಗೇ ಬರುತ್ತೆ. ಆ ಬಾಳೆಮೀನು ಇದೆಯಲ್ಲ ಯಜಮಾನ್ರೇ, ಅದಿದ್ದಿದ್ರೆ ಮರಿ ಎಲ್ಲ ತಿಂದುಹಾಕ್ತಿತ್ತು. ಒಂದು ಲೆಕ್ಕದಲ್ಲಿ ಮಡು ಕ್ಲೀನ್ ಆಯ್ತು ಅನ್ನಿ."

ಪರಸಪ್ಪ ಅವನ ತಾಟನ್ನು ನೋಡಿದ. "ಕ್ಲೀನ್ ಆತ್ರಿ," ಎಂದ.

"ಮಡು ನಮ್ಮ ಅಳ್ಯಾಗ ಟೆಂಡರ ಆಗೇತಿ," ಎಂದ ಸಾವಕಾರ. "ನೀವು ಬಲಿ ಎಳೀರಿ, ದಿನದ ಕೂಲಿ ಕೊಡತಾನ. ನೀ ಹೇಳಲಾರದ ನಿಮ್ಮಂದಿ ನೀರಿಗೆ ಇಳಿಯಂಗಿಲ್ಲಂತ, ಅದಕ್ಕ ನಿನ್ನ ಕರಸಿದ್ದು. ಇಲ್ಲಂದರ ನಿನ್ನ ಮುಸಡಿ ಯಾಂವ ನೋಡತಿದ್ದ?"

"ಮಡು ಹಾಲವ್ವಂದು ರೀ."

"ಹಾಲವ್ವ ಟೆಂಡರ ಹಾಕಿದ್ದಳೇನಲೇ?"

ಸಾಹೇಬನಿಗೆ ನಗು ಬಂದು ಅವಲಕ್ಕಿ ನೆತ್ತಿಗೇರಿತು. ಆಳು ನೀರು ತಂದುಕೊಟ್ಟ. ಬಾಟಲಿ ನೀರು.

*

ಮುಧೋಳದ ಜೈಲಿನಲ್ಲಿ ದುರಗೇಶ ಸರಳಿಗೆ ಆತುಕೊಂಡೇ ನಿಂತಿದ್ದ. ಕೂರಲು ಆಗುತ್ತಿರಲಿಲ್ಲ. ತಾಯಿ ತಂದ ರೊಟ್ಟಿಯನ್ನು ಪೇದೆ ಚೂರು ಚೂರು ಮಾಡಿ ನೋಡಿ ಒಳಗೆ ಕೊಟ್ಟ.

"ಹೇಳಿಬಿಡ ಯಪ್ಪಾ," ಎಂದ ದುರಗೇಶ.

ಪರಸಪ್ಪ ಸರಳ ಕೆಳಗೆ ಬಿದ್ದ ರೊಟ್ಟಿಯ ಚೂರು ಎತ್ತಿ ಮಗನ ಕೈಗಿಟ್ಟ.

"ಒಂದ ಮಾತಲ್ಲೇನ? ಹೋದ ಸಲ ಹೊಳಬಸ್ಯಾ ಅವಸರ ಮಾಡಿದನಂತ ಹೇಳಿದಿ. ಈಗ ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ ಕೇಳಾಕತ್ತೇನಿ." ಅವನು ರೊಟ್ಟಿಯ ಚೂರು ಹಿಡಿದುಕೊಂಡೇ ಅಳತೊಡಗಿದ. "ಇಲ್ಲಿ ಹೊಡೀತಾರ ಯಪ್ಪಾ. ಹೊಡದ ಮ್ಯಾಲ ನಗತಾರ."

ಊರಿಗೆ ಮರಳುವ ದಾರಿಯಲ್ಲಿ ಕಬ್ಬಿನ ಗದ್ದೆಗೆ ಎತ್ತಿದ ಪಂಪಿನ ನೀರು ಗಳಗಳ ಸುರಿಯುತ್ತಿತ್ತು.

ತಾಯವ್ವ ಅಡಿಗೆಗೆ ಕೂತಳು. ಸಾರು ಕುದಿಯುವಾಗ ಅವಳ ತಲೆಯಲ್ಲಿ ಸರಳುಗಳೇ ಇದ್ದವು. ಬಡಿಸಿದಳು. ಪರಸಪ್ಪ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿಂದ. ಅವಳೂ ಒಂದು ತುತ್ತು ಬಾಯಿಗಿಟ್ಟಳು. ಸಾರಿಗೆ ಉಪ್ಪೇ ಇರಲಿಲ್ಲ.

"ಉಪ್ಪ ಹಾಕಿಲ್ಲ ನಾ," ಎಂದಳು.

"ಹೌದ?"

ಅವಳು ಗಂಡನ ಮುಖ ನೋಡಿದಳು. ಎದ್ದುಹೋಗಿ ಕೆಂಪು ಖಾರದ ಚಟ್ನಿ ತಂದು ಅವನ ರೊಟ್ಟಿಗೆ ಮೆತ್ತಿದಳು, ಎತ್ತಿಗೂ ಕಣ್ಣೀರು ಬರುವಷ್ಟು. ಅವನು ತಿಂದ. ಕಣ್ಣು ತೇವವಾಗಲಿಲ್ಲ, ಮೂಗು ಸೋರಲಿಲ್ಲ.

"ಯಾವಾಗಿಂದ್ರಿ?"

"ಅವತ್ತಿಂದ." ತಾಟಿನಲ್ಲೇ ಕೈ ತೊಳೆದ. "ನಾಲಿಗಿ ಸತ್ತೈತಿ, ತಾಯವ್ವಾ. ಉಪ್ಪ ತಿಳಿವಲ್ದು, ಖಾರ ತಿಳಿವಲ್ದು. ನೀರ ಹೆಂಗ ತಿಳಿದೀತು?"

"ತಿಳಿದರೇನ, ಬಿಟ್ಟರೇನ? ನಿಮಗ ರುಚಿ ಯಾರ ಕೇಳ್ಯಾರ? ಮಾತ ಕೇಳ್ಯಾರ. ಅನ್ನರಿ, ನನ್ನ ಕೂಸು ಹೊರಗ ಬರಲಿ."

"ಹೊಸ ನೀರೂ ಸಿಹಿ ಇರತೈತಿ, ಕಾಕಂಬಿ ಕೂಡಿದ ಕಾರ್ಖಾನಿ ನೀರೂ ಸಿಹಿ ಐತಿ. ನಾಲಿಗಿ ಇದ್ದಾಗನ ತಿಳೀಲಿಲ್ಲ ನನಗ. ಈಗ ಇಲ್ಲದ ನಾಲಿಗೀಲೆ ಹೇಳಲಿ? ಮಂದಿ ಇಳೀತಾರ ನನ್ನ ಮಾತಿಗೆ. ಕುಡೀತಾರ. ಕೂಸುಗೋಳು ಈಜ ಬೀಳತಾವ."

"ಮಂದಿ! ಮಂದಿ ನಿನ್ನ ಮಗಗ ರೊಟ್ಟಿ ಒಯ್ದರೇನ?" ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಇಬ್ಬರಿಗೂ ಅದು ಕೇಳಿಸಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಪರಸಪ್ಪ ತಾಟು ಬದಿಗೆ ಸರಿಸಿ, "ಅಂತೇನಿ ಬಿಡ," ಎಂದ.

*

ಮಿರಗ ಕೂಡಿತು. ಮಳೆ ಹಿಡಿದು, ಹೊಳೆ ದಂಡೆಯಿಂದ ದಂಡೆಗೆ ಕೆಂಪಗಾಯಿತು. ಸತ್ತ ಮೀನುಗಳನ್ನು ಅದು ಎಲ್ಲಿಗೋ ಒಯ್ದಿತ್ತು. ಮಡುವಿನ ದಂಡೆಗೆ ಶಾಮಿಯಾನ ಹಾಕಿದ್ದರು. ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನಮರಿಗಳು ಕಣ್ಣಿನ ಚುಕ್ಕೆಗಳಷ್ಟೇ ಆಗಿ ಕಾಣುತ್ತಿದ್ದವು. ಅಂಬಿಗರು ಒಂದು ಕಡೆ ಬಲೆಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಯಾರೂ ನೀರು ಮುಟ್ಟಿರಲಿಲ್ಲ. ಹೊಳಬಸಪ್ಪ ಅವತ್ತು ಜೋಕು ಹೇಳಲಿಲ್ಲ.

ಸಾವಕಾರ ಮೈಕಿನಲ್ಲಿ ಮಾತಾಡಿದ. ಸಾಹೇಬ ಮಾತಾಡಿದ. "ಈಗ ನಮ್ಮ ಹಿರಿಯರು ಪರಸಪ್ಪನವರು," ಎಂದ ಸಾವಕಾರ. ಆ "ಅವರು" ಕೇಳಿ ಪರಸಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ.

ನೀರಿಗಿಳಿದ. ಬೊಗಸೆ ತುಂಬಿದ. ಕ್ಯಾಮೆರಾಗಳು ಎದ್ದವು. ನೀರನ್ನು ಬಾಯಿಗೆ ಹಾಕಿಕೊಂಡ.

ಹೇಳಬೇಕೆಂದೇ ಹಾಕಿಕೊಂಡಿದ್ದ. ನುಂಗಿ, ಎರಡು ಶಬ್ದ ಅಂದು, ಮಗನನ್ನು ಕರೆತರಬೇಕೆಂದೇ ಬಂದಿದ್ದ. ಆದರೆ ನೀರು ನಾಲಗೆಯ ಮೇಲೆ ಬಂದು ಕೂತಾಗ, ಮೂವತ್ತು ವರ್ಷದ ರೂಢಿಯಿಂದ ಬಾಯಿ ತಾನಾಗಿ ರುಚಿಗೆ ಕಾದಿತು. ರುಚಿ ಬರಲಿಲ್ಲ. ಇನ್ನಷ್ಟು ಕಾದ. ಬಾಯಲ್ಲಿ ಒದ್ದೆಯಿತ್ತು, ತಂಪಿತ್ತು, ಮರಳಿತ್ತು. ನೀರು ಇರಲಿಲ್ಲ. ಅವನ ಕಾಲಿನ ಹತ್ತಿರ ಅರಿಶಿನ ಹಚ್ಚಿದ ಹಣೆಯೊಂದು ಸುತ್ತು ತಿರುಗಿದಂತಾಯಿತು. ನೋಡಿದ. ಸುಳಿ.

"ನುಂಗಿ ಹೇಳ ಪರಸಪ್ಪಾ," ಎಂದ ಸಾವಕಾರ ಮೈಕಿನಲ್ಲಿ.

ಪರಸಪ್ಪನ ಕೆನ್ನೆಗಳು ಉಬ್ಬಿದ್ದವು. ಅವನು ದಂಡೆಗೆ ಹತ್ತಿದ. ಸಾವಕಾರನ ಎದುರಿಗೆ ಹೋಗಿ ನಿಂತ. ಉಗುಳುತ್ತಾನೆಂದುಕೊಂಡು ಸಾವಕಾರ ಗಬಕ್ಕನೆ ಹಿಂದೆ ಸರಿದ. ಕಾಲು ಚೀಲದ ಮೇಲೆ ಬಿತ್ತು. ಚೀಲ ಒಡೆದು ಮರಿಗಳು ಕೆಸರಿನ ಮೇಲೆ ಚೆಲ್ಲಿದವು. ಸಾವಕಾರ ಒದ್ದೆಯಾಗಿರದ ಅಂಗಿಯನ್ನು ದಸ್ತಿಯಿಂದ ಒರೆಸಿಕೊಂಡ. ಪರಸಪ್ಪ ಉಗುಳಲಿಲ್ಲ. ನುಂಗಲೂ ಇಲ್ಲ.

ಫೌಜದಾರ ಧಾವಿಸಿ ಬಂದು ಅವನ ಗದ್ದ ಹಿಡಿದ. "ಬಾಯಿ ತೆಗಿಯಲೇ, ಭಾಡ್ಯಾ! ಮಗಾ ಹೊರಗ ಬರಬೇಕೋ ಬ್ಯಾಡೋ? ಬಾಯಿ ತೆಗಿ!"

ಪರಸಪ್ಪ ಹೆಂಡತಿಯ ಕಡೆ ನೋಡಿದ. ಹೆಂಗಸರ ನಡುವೆ ನಿಂತಿದ್ದ ತಾಯವ್ವನಿಗೆ ಆ ಕಣ್ಣು ಅರ್ಥವಾಯಿತು. ಆಗ ಅವಳು 'ಹೇಳರಿ' ಎಂದಿದ್ದರೆ ಅವನು ಹೇಳುತ್ತಿದ್ದ. ಅವಳ ಬಾಯಿಯವರೆಗೂ ಬಂದಿತ್ತು. ಕೆಳಗೆ ಕೆಸರಿನಲ್ಲಿ ಮರಿಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಅವಳು ಮುಂದೆ ಬಂದು, ಗಂಡನ ಗದ್ದದಿಂದ ಫೌಜದಾರನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬಲೆಯಿಂದ ಮುಳ್ಳು ಬಿಡಿಸುವ ಹಾಗೆ.

"ತೆಗಿಯಂಗಿಲ್ರಿ," ಎಂದಳು. ಗಂಡನಿಗೆ, "ನಡೀರಿ."

ಅವರು ದಂಡೆ ಹತ್ತಿದರು. ಹಿಂದೆ ಹೊಳಬಸಪ್ಪ ಹೆಗಲ ಬಲೆಯನ್ನು ಕೆಳಗಿಳಿಸಿ ಮಡಿಚತೊಡಗಿದ. ಇನ್ನೊಬ್ಬ ಮಡಿಚಿದ. ಆಮೇಲೆ ಎಲ್ಲರೂ. ಮೈಕಿನಲ್ಲಿ ಸಾವಕಾರನ ಬೈಗುಳ ಊರವರೆಗೂ ಕೇಳುತ್ತಿತ್ತು.

*

ಮುಧೋಳದ ದಾರಿಯಲ್ಲಿ ಟಂಟಂ ಆಟೋದ ಚಾಲಕ ಕನ್ನಡಿಯಲ್ಲಿ ನೋಡಿ ಕೇಳಿದ: "ಏನ ಕಾಕಾ, ಹಲ್ಲ ಬ್ಯಾನೀನ?"

"ಹೂಂ," ಎಂದಳು ತಾಯವ್ವ.

ಜೈಲಿನ ಸರಳಿನ ಆಚೆ ದುರಗೇಶ ಕೂದಲು ಬಾಚಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ಇವತ್ತು ಬಿಡುಗಡೆಯೆಂದು ಯಾರೋ ಹೇಳಿದ್ದರು. ಅಪ್ಪನ ಉಬ್ಬಿದ ಕೆನ್ನೆ ನೋಡಿದ. ಅವ್ವನ ಮುಖ ನೋಡಿದ. ಕೇಳುವ ಮೊದಲೇ ತಿಳಿಯಿತು. ಅವನ ಕೈ ಮೇಲೇರಿ ಅಂಗಿಯ ಕೊರಳ ಗುಂಡಿಯನ್ನು ಬಿಚ್ಚಿತು.

"ಹೇಳಲಿಲ್ಲೇನ?"

"ನಾಲಿಗಿ ಸತ್ತೈತಪಾ ಅವರದು," ಎಂದಳು ತಾಯವ್ವ. "ಉಪ್ಪ ತಿಳಿವಲ್ದು. ತಿಳಿಲಾರದ ಹೆಂಗ ಹೇಳತಾರ?"

ಹೊರಗೆ ಕಬ್ಬಿನ ಸಸಿ ಹೇರಿದ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು. ಆಮೇಲೆ ದುರಗೇಶ ಎರಡೂ ಕೈಗಳನ್ನು ಸರಳುಗಳ ನಡುವಿನಿಂದ ಹೊರಗೆ ಚಾಚಿ ಬೊಗಸೆ ಮಾಡಿದ.

ಪರಸಪ್ಪ ಬಗ್ಗಿ, ಬಾಯಿ ತೆರೆದು, ನೀರನ್ನು ಮಗನ ಬೊಗಸೆಗೆ ಬಿಟ್ಟ. ಎಂಜಲು ಸೇರಿದ ಕೆಂಪು ನೀರು. ದಾರಿಯಲ್ಲಿ ಎಷ್ಟೋ ಇಳಿದುಹೋಗಿ ಸ್ವಲ್ಪವೇ ಉಳಿದಿತ್ತು.

"ಏ, ಏನದು? ಏನ ಕೊಡಾಕತ್ತೀರಿ?" ಪೇದೆ ಎದ್ದು ಬರುತ್ತಿದ್ದ.

ದುರಗೇಶ ಬೊಗಸೆಯನ್ನು ಸರಳಿಗೆ ತಾಗಿಸಿಕೊಂಡು ಬಗ್ಗಿ ನಾಲಗೆಯ ತುದಿ ಅದ್ದಿದ. ಕಣ್ಣು ಮುಚ್ಚಿದ. ಅಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಮೂವತ್ತು ವರ್ಷದ ಹಿಂದೆ ತನ್ನ ಅಪ್ಪ ತನ್ನ ಮುಖ ನೋಡಿದ್ದ ಹಾಗೆ.

"ಸಿಹಿ ಐತಿ ಯಪ್ಪಾ," ಎಂದ ದುರಗೇಶ.

ಹೊಸ ನೀರಿನ ಸಿಹಿಯೋ, ಕಾರ್ಖಾನೆಯ ಸಿಹಿಯೋ ತಿಳಿಯಲಿಲ್ಲ; 'ಗಂಗವ್ವ ಬಂದಾಳ' ಎನ್ನಲಿಲ್ಲ. ಪೇದೆಯ ಲಾಠಿ ಸರಳಿಗೆ ಬಡಿಯತೊಡಗಿತು. ದುರಗೇಶ ಬೊಗಸೆ ಬಿಡಲಿಲ್ಲ. ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ. ನೀರು ಬೆರಳ ಸಂದಿಯಿಂದ ಹನಿ ಹನಿಯಾಗಿ ಇಳಿದು ಜೈಲಿನ ನೆಲದ ಮೇಲೆ ಕೆಂಪಗೆ ಹರಡುತ್ತಿತ್ತು.